ಮಿಂಚುರಾಜನ ಮೂರನೇ ಖೂನ

ಗುಂಡಿ ಹಚ್ಚಲು ಸೂಜಿ ಹುಡುಕುತ್ತಿದ್ದೆ. ಡಬ್ಬಿಯ ತಳದಲ್ಲಿ ಅರ್ಧಚಂದ್ರನಂತೆ ಬಾಗಿದ ಇನ್ನೊಂದು ಸೂಜಿ ಬೆರಳಿಗೆ ತಾಗಿತು. ಗಾಯ ಹೊಲಿಯುವ ಸೂಜಿ. ಹೆದರಬೇಡಿ, ನರ್ಸಿನ ಕೆಲಸದಿಂದ ನಿವೃತ್ತಿಯಾದ ಮೇಲೆ ನಾನು ಅದನ್ನು ಮನುಷ್ಯರ ಮೇಲೆ ಬಳಸಿಲ್ಲ. ಆಮೇಲೆ ಹೊಲಿದದ್ದೆಲ್ಲ ಪತ್ತೇದಾರಿ ಕಾದಂಬರಿಗಳನ್ನು. ಬೆನ್ನು ಮುರಿದವು, ಹೊಟ್ಟೆ ಬಿಚ್ಚಿಕೊಂಡವು, ಮೊದಲ ಪುಟ ಕಳೆದುಕೊಂಡು ತಮ್ಮ ಹೆಸರನ್ನೇ ಮರೆತವು, ಹೀಗೆ ಎಲ್ಲ ಬಗೆಯವೂ ಬೀದರಿನ ಚಿದ್ರಿಯಲ್ಲಿರುವ ನನ್ನ ಮನೆಗೆ ಬಂದು ದಾಖಲಾಗಿವೆ. ಬಂದ ಪುಸ್ತಕವನ್ನು ಮೊದಲು ಬಿಸಿಲಿಗೆ ಮಲಗಿಸುತ್ತೇನೆ. ಆಮೇಲೆ ಬೇವಿನ ಎಲೆ, ಆಮೇಲೆ ಹೊಲಿಗೆ. ಗುಣವಾದವು ಕಪಾಟಿಗೆ ಹೋಗುತ್ತವೆ. ಗುಣವಾಗದವನ್ನೂ ನಾನು ಹೊರಗೆ ಹಾಕುವುದಿಲ್ಲ. ಪಾಪ, ಅವು ಎಲ್ಲಿಗೆ ಹೋದಾವು?

ಎಲ್ಲವೂ ಒಬ್ಬನೇ ಲೇಖಕನವು. ಹೆಸರು ಮಿಂಚುರಾಜ. ನಗುವುದಿದ್ದರೆ ಈಗಲೇ ನಕ್ಕುಬಿಡಿ, ಮುಂದೆ ಸಮಯವಿಲ್ಲ. ಅವರ ನಿಜವಾದ ಹೆಸರು ಮಾಣಿಕರಾವ. ಊರು ಭಾಲ್ಕಿ. ಬೀದರಿನ ಕಾಳಿನ ಪೇಟೆಯಾದ ಗಾಂಧಿ ಗಂಜಿನ ಒಂದು ಅಡತ ಅಂಗಡಿಯಲ್ಲಿ, ಅಂದರೆ ದಲಾಲಿ ಅಂಗಡಿಯಲ್ಲಿ, ಗುಮಾಸ್ತರಾಗಿದ್ದರು. ಮಧ್ಯಾಹ್ನ ವ್ಯಾಪಾರ ತಣ್ಣಗಾದಾಗ ತೊಗರಿ ಚೀಲದ ಮೇಲೆ ಕೂತು ಕೊಲೆ, ಕಳ್ಳತನ, ಅಪಹರಣಗಳನ್ನು ಬರೆಯುತ್ತಿದ್ದರು. ಅವರ ಪತ್ತೇದಾರನ ಹೆಸರು ಇನ್ಸ್‌ಪೆಕ್ಟರ್ ಶಮಶೇರ. ಬೇರೆಯವರ ಪತ್ತೇದಾರರು ಕಾರಿನಲ್ಲಿ ಬೆನ್ನಟ್ಟಿದರೆ ನಮ್ಮ ಶಮಶೇರ ಸರಕಾರಿ ಬಸ್ಸಿನಲ್ಲಿ ಬೆನ್ನಟ್ಟುತ್ತಿದ್ದ, ಅದೂ ಟಿಕೇಟು ತೆಗೆಸಿ. ಕಳ್ಳ ಮುಂದಿನ ಬಸ್ಸಿನಲ್ಲಿ, ಶಮಶೇರ ಹಿಂದಿನ ಬಸ್ಸಿನಲ್ಲಿ. ಮುಂದಿನ ಬಸ್ಸು ಎಲ್ಲೋ ಕೆಟ್ಟು ನಿಲ್ಲುತ್ತಿತ್ತು, ಕಳ್ಳ ಸಿಕ್ಕಿಬೀಳುತ್ತಿದ್ದ. ನಮ್ಮ ಕಡೆಯ ಬಸ್ಸುಗಳನ್ನು ಬಲ್ಲವರು ಇದನ್ನು ಅಸಂಭವ ಎನ್ನಲಾರರು.

ಇಂಥ ಪುಸ್ತಕ ನನ್ನ ಕೈಗೆ ಬಂದದ್ದೇ ಒಂದು ಸೋಜಿಗ. ನಾನು ಬೆಳೆದದ್ದು ಮಿಷನ್ನಿನ ಬೋರ್ಡಿಂಗಿನಲ್ಲಿ. ಅಲ್ಲಿ ಏಳಲು ಒಂದು ಗಂಟೆ, ತೊಳೆಯಲು ಒಂದು ಗಂಟೆ, ಪ್ರಾರ್ಥನೆಗೊಂದು, ಊಟಕ್ಕೊಂದು. ಸುಮ್ಮನೆ ಕೂಡಲಿಕ್ಕೂ ಒಂದು ಗಂಟೆ ಹೊಡೆಯುತ್ತಿತ್ತು. ಆ ಗಂಟೆ ಈಗಲೂ ನನ್ನ ಕಿವಿಯೊಳಗೆ ಬಾಡಿಗೆ ಕೊಡದೆ ವಾಸವಾಗಿದೆ. ಕಾದಂಬರಿ ಓದುವುದಕ್ಕೂ ನನ್ನಲ್ಲಿ ವೇಳೆ ಗೊತ್ತಾಗಿದೆ: ಊಟದ ನಂತರ ಅರ್ಧ ತಾಸು. ಅಲಾರಾಂ ಹೊಡೆಯಿತೋ, ಪುಸ್ತಕ ಮುಚ್ಚಬೇಕು. ಎಷ್ಟೋ ಸಲ ಚೂರಿ ಎತ್ತಿದ ಕೈ ಮಾರನೆಯ ದಿನದವರೆಗೆ ಎತ್ತಿದಂತೆಯೇ ಇರುತ್ತಿತ್ತು. ಕೊಲೆಗಾರನಿಗೆ ಎಷ್ಟು ನೋವಾಗಿರಬೇಕೋ!

ಇನ್ನೊಂದು ನಿಯಮವಿದೆ. ಕೊನೆ ಏನೆಂದು ಯಾರೂ ನನಗೆ ಮೊದಲೇ ಹೇಳಕೂಡದು. ಹೇಳಲು ಬಂದವರ ಎದುರಿಗೆ ಎರಡೂ ಕಿವಿ ಮುಚ್ಚಿಕೊಳ್ಳುತ್ತೇನೆ. ಈ ನಿಯಮವನ್ನು ನೆನಪಿಟ್ಟುಕೊಳ್ಳಿ. ಮುಂದಿನ ಫಜೀತಿಗೆಲ್ಲ ಅದೇ ಮೂಲ.

ಮಿಂಚುರಾಜನನ್ನು ನಾನು ಮೊದಲು ಓದಲಿಲ್ಲ, ಕೇಳಿದೆ. ಅವು ಮಳೆ ಕೈಕೊಟ್ಟ ವರ್ಷಗಳು. ಔರಾದ ಹತ್ತಿರ ಕೆರೆ ತೋಡುವ ಬರಗಾಲದ ಕಾಮಗಾರಿ ನಡೆದಿತ್ತು. ಅಲ್ಲಿನ ಡೇರೆಯ ದವಾಖಾನೆಗೆ ನನ್ನನ್ನು ಹಾಕಿದ್ದರು. ಕಲ್ಲು ಸಿಡಿದ ಗಾಯ, ಗುಳ್ಳೆ ಎದ್ದ ಅಂಗೈ, ಬಿಸಿಲು ಬಡಿದ ತಲೆ, ಇವೇ ನನ್ನ ದಿನದ ರೋಗಿಗಳು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಅಕ್ಷರ ಬಲ್ಲ ಒಬ್ಬಾತ ಮಣ್ಣಿನ ಗುಡ್ಡೆಯ ಮೇಲೆ ಕೂತು ಮಿಂಚುರಾಜನನ್ನು ಗಟ್ಟಿಯಾಗಿ ಓದುತ್ತಿದ್ದ. ಶಮಶೇರ ಬಾಗಿಲು ಒದ್ದ ಕೂಡಲೇ ಮೇಸ್ತ್ರಿಯ ಸೀಟಿ ಊದುತ್ತಿತ್ತು. ಬಾಗಿಲ ಹಿಂದೆ ಯಾರಿದ್ದರು ಎಂಬುದು ನಾಳೆಗೆ. ನನ್ನಂಥ ಗಂಟೆಯ ಮಗಳಿಗೆ ಇದು ಬಹಳ ಹಿಡಿಸಿತು. ಇಷ್ಟು ಶಿಸ್ತಿನ ಸಾಹಿತ್ಯವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆ ವರ್ಷಗಳಲ್ಲಿ ಜನ ದುಡಿಯಲು ಊರು ಬಿಟ್ಟು ಹೊರಟಿದ್ದರು. ಹೈದರಾಬಾದ, ಪುಣೆ, ಮುಂಬಯಿ. ಗಂಟಿನಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಮೇಲೊಂದು ಮಿಂಚುರಾಜ. ಬಸ್ ನಿಲ್ದಾಣದ ಅಂಗಡಿಯಲ್ಲಿ ಅವನೊಬ್ಬನೇ ಅಗ್ಗಕ್ಕೆ ಸಿಗುತ್ತಿದ್ದ. ಹಾಗೆ ಪುಸ್ತಕಗಳೂ ಜನರ ಜೊತೆಗೆ ಜಿಲ್ಲೆ ಬಿಟ್ಟವು. ಜನ ತಿರುಗಿ ಬಂದರು, ಪುಸ್ತಕಗಳು ಬರಲಿಲ್ಲ. ಅಚ್ಚು ಹಾಕುತ್ತಿದ್ದ ಪ್ರೆಸ್ಸು ಮುಚ್ಚಿತು. ಮಾಣಿಕರಾವರ ಬಳಿ ಇದ್ದ ಪ್ರತಿಗಳನ್ನು ಓದಲು ಒಯ್ದವರು ಓದುತ್ತಲೇ ಉಳಿದರು.

ನಿವೃತ್ತಿಯಾದ ಮೇಲೆ ನಾನು ಅವನ್ನು ಕೂಡಿಸಲು ಹೊರಟೆ. ಒಂದು ಗಂಜಿನ ಅಂಗಡಿಯ ತಕ್ಕಡಿಯ ಕೆಳಗೆ, ಅದು ಅಲುಗದಿರಲಿ ಎಂದು ಇಟ್ಟಿದ್ದರು. ಒಂದು ಭಾಲ್ಕಿಯ ಕ್ಷೌರದಂಗಡಿಯ ಕನ್ನಡಿಯ ಹಿಂದೆ. ಒಂದು ಔರಾದಿನ ಚಹಾ ಹೋಟೆಲಿನ ಮಾಡಿನಲ್ಲಿ, ಹೊಗೆ ತಿಂದು ಬದನೆಕಾಯಿಯಂತೆ ಸುಟ್ಟುಕೊಂಡಿತ್ತು. ಎಲ್ಲ ಬಂದವು. ಒಂದು ಮಾತ್ರ ಬರಲಿಲ್ಲ. ಮಿಂಚುರಾಜನ ಪ್ರತಿ ಪುಸ್ತಕದ ಹಿಂದಿನ ರಕ್ಷಾಪುಟದ ಮೇಲೂ ಒಂದು ಜಾಹೀರಾತು ಇರುತ್ತಿತ್ತು: 'ಮೂರನೇ ಖೂನ, ಶೀಘ್ರದಲ್ಲಿ!' ಪಕ್ಕದಲ್ಲಿ ಒಂದು ಚೂರಿಯ ಚಿತ್ರ.

ಅಷ್ಟರಲ್ಲಿ ಬೀದರಿನ ಒಂದು ವಾಚನಾಲಯದವರು ಜಿಲ್ಲೆಯ ಲೇಖಕರಿಗಾಗಿ ಕಪಾಟುಗಳನ್ನು ಮಾಡಿಸುತ್ತಾರೆಂದು ಕೇಳಿದೆ. ಕಾರ್ಯದರ್ಶಿಗಳು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಸಭ್ಯರು. ನನ್ನ ಮಾತು ಮುಗಿಯುವ ಮೊದಲೇ ಚಹಾ ತರಿಸಿದರು. ಇಲ್ಲ ಎನ್ನುವವರು ಯಾವಾಗಲೂ ಚಹಾ ತರಿಸುತ್ತಾರೆ.

"ಸಿಸ್ಟರಬಾಯಿ, ಕೊಲಿ ಪುಸ್ತಕಕ್ಕ ಕಪಾಟ ಯಾಕ್ರಿ? ಒಂದು ಚೀಲ ಸಾಕಲ್ಲ?"

"ಚೀಲದಾಗ ತೊಗರಿ ಇಡ್ತಾರಿ ಸರ್. ಇವು ಪುಸ್ತಕ."

"ಹೋಗಲಿ, ಇಡಣ. ಆದ್ರ ಪೂರಾ ಸೆಟ್ ಬೇಕ್ರಿ. ಆ 'ಮೂರನೇ ಖೂನ' ಎಲ್ಲದ? ನಾ ಹೇಳ್ತೀನಿ ಕೇಳ್ರಿ, ಅದನ್ನ ಅವರು ಬರದೇ ಇಲ್ಲ. ಶೀಘ್ರದಲ್ಲಿ, ಶೀಘ್ರದಲ್ಲಿ ಅಂತ ಮಂದಿಗಿ ಟೋಪಿ ಹಾಕ್ಯಾರ."

ಟೋಪಿ ಎಂಬ ಮಾತು ನನಗೆ ಚುಚ್ಚಿತು. ಮಾರನೆಯ ದಿನ ಮೊದಲ ಬಸ್ಸಿಗೆ ಭಾಲ್ಕಿಗೆ ಹೋದೆ.

ಮಾಣಿಕರಾವರಿಗೆ ಈಗ ಕಣ್ಣು ಮಸುಕು. ಕಿವಿ ಚುರುಕು. ಮಗ, ಸೊಸೆ, ಮೊಮ್ಮಕ್ಕಳ ನಡುವೆ ಪಡಸಾಲೆಯ ಮಂಚದ ಮೇಲೆ ಕೂತು, ಬರುವವರನ್ನು ಚಪ್ಪಲಿಯ ಸಪ್ಪಳದಿಂದ ಪತ್ತೆಹಚ್ಚುತ್ತಾರೆ. ಶಮಶೇರ ಇನ್ನೂ ರಜೆ ತೆಗೆದುಕೊಂಡಿಲ್ಲ.

"ಕಾಕಾ, 'ಮೂರನೇ ಖೂನ' ಬರದೀರೋ ಇಲ್ಲೋ?"

"ಬರದೀನಿ. ಅಚ್ಚೂ ಆಗ್ಯಾದ. ಬಸ್ ಸ್ಟ್ಯಾಂಡಿನಾಗ ಮಾರ್ಯಾರ."

ಒಳಗಿನಿಂದ ಮಗ ನಕ್ಕ. "ಸಿಸ್ಟರ್, ಅಪ್ಪಗ ನಿನ್ನಿ ಉಂಡಿದ್ದು ಇವತ್ತು ನೆನಪಿರಲ್ಲರಿ. ಅವರ ಮಾತು ಎಲ್ಲಿ ಹಿಡ್ಕೊಂಡು ಕೂಡ್ತೀರಿ!"

ಮುದುಕರು ನನ್ನ ಕಡೆ ತಿರುಗಿ ದನಿ ತಗ್ಗಿಸಿ ಹೇಳಿದರು: "ಉಳಿದವೆಲ್ಲ ಹೊಟ್ಟಿಗಿ ಬರದದ್ದು ಬಾಯಿ. ಅದೊಂದು ಮನಸಿಟ್ಟು ಬರದೀನಿ. ಹೋಗೂ ಮೊದಲ ನನ್ನ ಮಾತು ಖರೇ ಅಂತ ಈ ಮನ್ಯಾಗ ಒಮ್ಮಿ ಗೊತ್ತಾಗ್ಲಿ. ಕೇಳ್ರಿ, ಅದರಾಗ ಒಬ್ಬಾಕಿ ಹೆಣ್ಣಮಗಳು ಇರ್ತಾಳ..."

"ಕಥಿ ಹೇಳಬ್ಯಾಡ್ರಿ ಕಾಕಾ!" ನಾನು ಕಿವಿ ಮುಚ್ಚಿಕೊಂಡೆ. "ನಾ ಓದೇ ತಿಳಕೋತೇನಿ."

ಒಬ್ಬ ಹೆಣ್ಣುಮಗಳು ಎಂಬಷ್ಟು ಕಿವಿಯೊಳಗೆ ನುಸುಳಿಬಿಟ್ಟಿತ್ತು. ಆಯಿತು, ಮೊದಲು ಸಾಯುವವಳು ಹೆಣ್ಣು ಎಂದು ಬಸ್ಸಿನಲ್ಲಿ ಲೆಕ್ಕ ಹಾಕಿಕೊಂಡೆ. ಇನ್ನೆರಡು ಹೆಣ ಬಾಕಿ.

ಆಮೇಲೆ ನಾನು ಊರೂರು ತಿರುಗಿದ್ದನ್ನು ಏನು ಹೇಳಲಿ! ಬಿಳಿ ಸೀರೆ, ಇಸ್ತ್ರಿ ಮಾಡಿದ ಕುಪ್ಪಸ, ಕೈಯಲ್ಲಿ ಕೊಡೆ, ಬಾಯಲ್ಲಿ "ನಿಮ್ಮ ಮನ್ಯಾಗ ಮೂರು ಕೊಲಿ ಆದ ಪುಸ್ತಕ ಅದ ಏನ್ರಿ?" ಗಂಜಿನ ಹಮಾಲರು ಚೀಲ ಇಳಿಸಿ ಕೇಳಿದರು, "ಮೂರಾ? ಎಲ್ಲಿ ಆಯ್ತ್ರಿ? ಯಾವಾಗ?" ಭಾಲ್ಕಿಯಲ್ಲಿ ಒಬ್ಬ ಮುದುಕಿ ನನ್ನನ್ನು ಗುಪ್ತ ಪೊಲೀಸಿನವಳೆಂದು ತಿಳಿದು, ತನ್ನ ಅಳಿಯನ ಮೇಲೆ ಬಂದಿದ್ದ ಸಂಶಯಗಳನ್ನೆಲ್ಲ ನನ್ನ ಮುಂದೆ ಬಿಚ್ಚಿಟ್ಟಳು. ಸಂತಪುರದ ಒಂದು ಓಣಿಯಲ್ಲಿ, ಗೋಡೆಯ ಮೇಲೆ ಬುದ್ಧನ ಪಟವಿದ್ದ ಅಚ್ಚುಕಟ್ಟಾದ ಮನೆಯ ಸೊಸೆ ಬಾಗಿಲಲ್ಲೇ ತಡೆದಳು: "ಕೊಲಿ-ಗಿಲಿ ಪುಸ್ತಕ ನಮ್ಮ ಮನ್ಯಾಗ ಇಡಂಗಿಲ್ಲರಿ. ಸಾಲಿ ಪುಸ್ತಕ ಅವ, ವಂದನಾ ಪುಸ್ತಕ ಅದ. ಬೇಕಾದ್ರ ನೀರು ಕುಡದು ಹೋಗ್ರಿ." ನೀರು ಕುಡಿದು ಬಂದೆ. ಮಗ ನಕ್ಕ ಆ ನಗೆ, ಕಾರ್ಯದರ್ಶಿಗಳ ಆ ಟೋಪಿ, ಎರಡೂ ನನ್ನ ಜೊತೆಗೇ ಬಸ್ಸು ಹತ್ತಿದವು.

ಮರುವರ್ಷ ಔರಾದ ಬಸ್ ನಿಲ್ದಾಣದಲ್ಲಿ ಬೀದರಿನ ಬಸ್ಸಿಗೆ ಕಾಯುತ್ತಿದ್ದೆ. ನನ್ನ ವಯಸ್ಸಿನವಳೇ ಒಬ್ಬಳು ಎದುರು ಬಂದು ನಿಂತು, ಸೊಂಟದ ಮೇಲೆ ಕೈ ಇಟ್ಟು ನೋಡಿದಳು.

"ಯಾಕ್ರಿ ಸಿಸ್ಟರಬಾಯಿ, ನನ್ನ ಖೂನ ಹತ್ತಲಿಲ್ಲೇನು?"

ನಾನು ಮಿಕಿಮಿಕಿ ನೋಡಿದೆ. ಅವಳು ಸೀರೆಯ ನಿರಿಗೆಯನ್ನು ಒಂದಿಷ್ಟು ಎತ್ತಿ ಮೊಣಕಾಲ ಕೆಳಗೆ ಬೆರಳಿಟ್ಟಳು. "ಇದು ಯಾರ ಹೊಲಿಗಿರಿ?"

ಹಳೆಯ ಗಾಯದ ಗುರುತು. ಸಾಲಾಗಿ, ಒಂದರ ಪಕ್ಕ ಒಂದು, ಸಮ ಅಂತರದಲ್ಲಿ. ಬೋರ್ಡಿಂಗಿನಲ್ಲಿ ಕಲಿತ ಕೈ ಎಲ್ಲಿದ್ದರೂ ತಿಳಿಯುತ್ತದೆ. "ಶಾಂತಾಬಾಯಿ!" ಎಂದೆ. ಕೆರೆಯ ಕೆಲಸದಲ್ಲಿ ಕಲ್ಲು ಸಿಡಿದು ಕಾಲು ಸೀಳಿಸಿಕೊಂಡು ಬಂದವಳು. ಇದೇ ಬಾಗಿದ ಸೂಜಿಯಿಂದ ನಾನು ಹೊಲಿಯುವಾಗ ಒಂದು ಸಲವೂ ಕೂಗದೆ, ನನ್ನನ್ನೇ "ಹೆದರಬ್ಯಾಡ್ರಿ ಬಾಯಿ" ಎಂದು ಸಮಾಧಾನ ಮಾಡಿದವಳು.

"ಹಾಂ, ಈಗ ಖೂನ ಹತ್ತಿತು ನೋಡ್ರಿ," ಎಂದಳು.

ಬಸ್ಸು ಬಂತು. ನಾನು ಹತ್ತಲಿಲ್ಲ. ತಲೆಯೊಳಗೆ ಒಂದು ಶಬ್ದ ಗಂಟೆ ಹೊಡೆಯುತ್ತಿತ್ತು.

ಖೂನ. ನಮ್ಮ ಬೀದರಿನಲ್ಲಿ ಈ ಶಬ್ದಕ್ಕೆ ಎರಡು ತವರುಮನೆ. ಮರಾಠಿ ಕಡೆಯಿಂದ ಬಂದ ಖೂನ ಎಂದರೆ ಗುರುತು. ಉರ್ದು ಕಡೆಯಿಂದ ಬಂದ ಖೂನ್ ಎಂದರೆ ರಕ್ತ, ಕೊಲೆ. ಜೀವನವೆಲ್ಲ ದವಾಖಾನೆಯಲ್ಲಿ ಕಳೆದ ನನಗೆ 'ಖೂನ್ ತಪಾಸಣಿ' ಎಂಬುದೇ ಕಿವಿಯಲ್ಲಿ ಕೂತುಬಿಟ್ಟಿತ್ತು. ಮಿಂಚುರಾಜನ ಹೆಸರು, ಪಕ್ಕದಲ್ಲಿ ಚೂರಿ. ಕೊಲೆಯಲ್ಲದೆ ಇನ್ನೇನು ಎಂದುಕೊಂಡೆ. ಆ ಪ್ರೆಸ್ಸಿನಲ್ಲಿ ಇದ್ದದ್ದೇ ಒಂದು ಚಿತ್ರದ ಅಚ್ಚು, ಅದು ಚೂರಿಯದು. ಮದುವೆಯ ಕಾಗದಕ್ಕೆ ಅದನ್ನು ಒತ್ತಲಿಲ್ಲ ಎನ್ನುವುದೇ ಪುಣ್ಯ.

"ಶಾಂತಾಬಾಯಿ," ಎಂದೆ, "ಖೂನದ ಮ್ಯಾಲಿಂದು ಒಂದು ಪುಸ್ತಕ, ಬರಗಾಲದಾಗ ಬಂದಿದ್ದು..."

"ಕೂಸು ತಪ್ಪಿಸ್ಕೊಂಡ ಪುಸ್ತಕ ಏನ್ರಿ? ಅವ್ವ ಖೂನ ಹಿಡಿತಾಳ, ಅದು?"

ನನಗೆ ಗೊತ್ತಿಲ್ಲ ಎಂದು ಹೇಳುವಷ್ಟರಲ್ಲಿ ಅವಳೇ ಹುಬ್ಬು ಗಂಟಿಕ್ಕಿದಳು. "ಹೋದ ವರ್ಷ ನಮ್ಮ ಓಣ್ಯಾಗ ಒಬ್ಬಾಕಿ ಕೊಡಿ ಹಿಡ್ಕೊಂಡು ಕೊಲಿ ಪುಸ್ತಕ ಕೇಳ್ಕೊಂತ ಬಂದಿದ್ಳಂತ ನಮ್ಮ ಸೊಸಿ ಹೇಳ್ಯಾಳ. ಅದು ನೀವೇ ಏನು?"

ಕೊಡೆಯನ್ನು ಬೆನ್ನ ಹಿಂದೆ ಸರಿಸಿದೆ. ಉಪಯೋಗವಾಗಲಿಲ್ಲ.

ಸಂತಪುರದ ಅದೇ ಮನೆ. ಅದೇ ಬಾಗಿಲು. ಅದೇ ಸೊಸೆ ಈ ಸಲ ಚಹಾ ಕೊಟ್ಟಳು. ಇದು ಹೌದು ಎನ್ನುವ ಚಹಾ. ಶಾಂತಾಬಾಯಿ ಟ್ರಂಕಿನಿಂದ ಒಂದು ಅರಿವೆಯ ಗಂಟು ತೆಗೆದು ಬಿಚ್ಚಿದಳು. ರಕ್ಷಾಪುಟವಿಲ್ಲ, ಅಂಚು ನವೆದಿದೆ, ಬೆನ್ನು ಮುರಿದಿದೆ. ಮೊದಲ ಪುಟದಲ್ಲಿ ಮಾತ್ರ ದಪ್ಪ ಅಕ್ಷರದಲ್ಲಿ: ಮೂರನೇ ಖೂನ. ಬರೆದವರು ಮಿಂಚುರಾಜ.

ಅಲ್ಲೇ ಎದ್ದು ಕುಣಿಯಬೇಕೆನ್ನಿಸಿತು. ಬೋರ್ಡಿಂಗಿನಲ್ಲಿ ಕುಣಿಯಲು ಗಂಟೆ ಇರಲಿಲ್ಲವಾದ್ದರಿಂದ ನೆಟ್ಟಗೆ ಕೂತು ಚಹಾ ಮುಗಿಸಿದೆ.

ಶಾಂತಾಬಾಯಿಯ ಗಂಡ ಮುಂಬಯಿಗೆ ಹೋಗುವ ಮುಂಚೆ ಬೀದರಿನಲ್ಲಿ ಅದನ್ನು ಕೊಂಡಿದ್ದನಂತೆ, ನನ್ನ ಹಾಗೆಯೇ ಹೆಣ ಎಣಿಸುವ ಆಸೆಯಿಂದ. ಗಾಡಿಯಲ್ಲಿ ಹೆಂಡತಿ, ಮಗನ ಎದುರು ಗಟ್ಟಿಯಾಗಿ ಓದುತ್ತ ಹೋದರೆ ಒಂದು ಹೆಣವೂ ಇಲ್ಲ. ದುಡಿಯಲು ಪಟ್ಟಣಕ್ಕೆ ಹೋದ ಒಬ್ಬ ತಾಯಿ ಸ್ಟೇಷನ್ನಿನಲ್ಲಿ ಮಗನನ್ನು ಕಳೆದುಕೊಳ್ಳುತ್ತಾಳೆ. ವರ್ಷಗಳ ಮೇಲೆ ಯಾರೋ ಮೋಸಗಾರರು ಬೇರೊಬ್ಬ ಹುಡುಗನನ್ನು ತಂದು ಇವನೇ ನಿನ್ನ ಮಗ ಎನ್ನುತ್ತಾರೆ. ಮಚ್ಚೆ ಸರಿ, ಗಾಯದ ಗುರುತು ಸರಿ. ಮೂರನೆಯ ಖೂನ ತಾಯಿಯ ಹೊರತು ಯಾರಿಗೂ ಗೊತ್ತಿಲ್ಲ. ಶಮಶೇರ ಆ ಹುಡುಗನನ್ನು ಊಟಕ್ಕೆ ಕೂಡಿಸುತ್ತಾನೆ. ಅವಳ ಮಗ ಬಿಸಿ ರೊಟ್ಟಿಯ ಮೇಲಿನ ತೆಳು ಪದರವನ್ನು ಎಬ್ಬಿಸಿ, ಮೊದಲು ಬಡಿಸಿದವರ ಕೈಗೆ ಕೊಟ್ಟು ಆಮೇಲೆ ತಾನು ಉಣ್ಣುತ್ತಿದ್ದ. ತಾಯಿ ಉಣ್ಣದೆ ಬಡಿಸುವುದನ್ನು ಕಂಡವನು ಅವನು. ಮೋಸದ ಹುಡುಗ ಗಬಗಬ ತಿಂದುಬಿಡುತ್ತಾನೆ. ಇಡೀ ಕಥೆ ಗೊತ್ತಾಗಿಹೋಯಿತು, ನಾನು ಕಿವಿ ಮುಚ್ಚಿಕೊಳ್ಳುವುದನ್ನೇ ಮರೆತಿದ್ದೆ.

"ನನ್ನ ಮಗ ಗೌತಮನ ಮೈಮ್ಯಾಲ ಒಂದು ಮಚ್ಚಿ ಸೈತ ಇರಲಿಲ್ರಿ," ಎಂದಳು ಶಾಂತಾಬಾಯಿ. "ಪುಸ್ತಕ ಕೇಳಿ ನನಗ ಎದಿ ಹೊಡ್ಕೊಳ್ಲತ್ತಿತು. ಇಂವ ಕಳದ್ರ ನಾ ಏನಂತ ಹೇಳ್ಲಿ? ಅದಕ್ಕ ಆ ಖೂನಾನೇ ಅವಗ ಕಲಿಸಿಬಿಟ್ಟೆ. ಪದರ ತಗಿ, ಕೊಡು, ಆಮ್ಯಾಲ ಉಣ್ಣು. ಪದರ ತಗಿ, ಕೊಡು, ಆಮ್ಯಾಲ ಉಣ್ಣು. ಅಂಗಿ ನೀಲಿದು, ಕೊಳ್ಳಾಗ ಕರಿ ದಾರ. ಮೂರು ಖೂನ ಆದ್ವಲ್ಲರಿ."

"ಆಮ್ಯಾಲ?"

"ಆಮ್ಯಾಲ ಕಳದೇ ಬಿಟ್ಟ."

ಮುಂದೊಂದು ದಿನ ಮುಂಬಯಿಯ ದೊಡ್ಡ ಸ್ಟೇಷನ್ನಿನ ಜನಜಂಗುಳಿಯಲ್ಲಿ ಕೈ ಬಿಟ್ಟುಹೋಯಿತಂತೆ. ಇವಳು ಪೊಲೀಸರ ಕೋಣೆಗೆ ಓಡಿದಳು. ಮೇಜಿನ ಹಿಂದೆ ಒಬ್ಬ ಹಿಂದಿ ಮಾತಾಡುವ ಹವಾಲ್ದಾರ, ಅರ್ಧ ನಿದ್ದೆಯಲ್ಲಿದ್ದ.

"ನಾ ಉಸರ ಹಾಕ್ಕೊಂತ 'ಸಾಹೇಬ, ತೀನ್ ಖೂನ ಹೈ, ತೀನ್ ಖೂನ!' ಅಂದೆ ನೋಡ್ರಿ. ಆಂವ ಕುರ್ಚಿ ಸಮೇತ ಬಿದ್ದ! 'ತೀನ್ ಖೂನ್? ಕಹಾಂ?' ಅಂತ ಚೀರಿ ಸೀಟಿ ಊದಿದ. ಒಳಗಿನವರು ಹೊರಗ ಬಂದ್ರು, ಹೊರಗಿನವರು ಒಳಗ ಬಂದ್ರು. ಗೇಟ್ ಮುಚ್ಚಿದ್ರು. ಲಾಠಿ ಹಿಡ್ಕೊಂಡು ನಿಂತ್ರು. 'ಖೂನೀ ಕೈಸಾ ದಿಖತಾ?' ಅಂತ ಕೊಲಿಗಾರನ ಚಹರೆ ಕೇಳಿದ್ರು. 'ನೀಲಾ ಅಂಗೀ, ಗಲೇ ಮೇ ಕಾಲಾ ಧಾಗಾ, ಇತ್ತಾಸಾ ಹೈ' ಅಂತ ಕೈ ಮಾಡಿ ತೋರಿಸಿದೆ. ನನ್ನ ಸೊಂಟದಷ್ಟು ಎತ್ತರ! ಹವಾಲ್ದಾರ ನನ್ನ ಮಾರಿ ನೋಡಿದ, ನನ್ನ ಕೈ ನೋಡಿದ. ಅಷ್ಟರಾಗ ಒಬ್ಬ ಮರಾಠಿ ಸಿಪಾಯಿ ನಗಲತ್ತಿದ. ಅವಗ ಒಬ್ಬಗ ತಿಳೀತು. ರೊಟ್ಟಿ ಪದರಿನ ಖೂನಾನೂ ಅವಗ ಹೇಳಿದೆ."

"ಬೈದ್ರೇನು?"

"ಬೈದ್ರು. ಆದ್ರ ಬೈಕೊಂತ ಹುಡುಕಿದ್ರು. ಎದ್ದವರು ಎದ್ದಿದ್ರಲ್ಲ! ಒಂದು ಕೂಸು ಕಳದದ ಅಂದಿದ್ರ ಯಾರು ಏಳ್ತಿದ್ರಿ? ಚಹಾದಂಗಡಿ ಮುಂದ ಸಿಕ್ಕ. ಯಾರೋ ಪಾವ್ ಕೊಟ್ಟಿದ್ರು. ಪಾವಿನ ಮ್ಯಾಲಿನ ಕೆಂಪು ಸಿಪ್ಪಿ ಸುಲದು ಅಂಗಡಿಯವಗ ಕೊಡ್ಲತ್ತಿದ್ದ. ಆಂವ ಒಲ್ಲೆ ಅಂತಾನ, ಇಂವ ಬಿಡಂಗಿಲ್ಲ. ಆ ಸಿಪಾಯಿ ದೂರದಿಂದ ನೋಡಿ 'ಬಾಯಿ, ತುಝೀ ಖೂಣ' ಅಂದ, ನಿನ್ನ ಖೂನ ಇದೇ ಅಂತ."

ಶಾಂತಾಬಾಯಿ ಪುಸ್ತಕವನ್ನು ನನ್ನ ಮಡಿಲಲ್ಲಿ ಇಟ್ಟಳು. "ಒಯ್ರಿ. ನನಗ ಈಗ ಇದರದು ಏನು ಕೆಲಸ? ಹುಡುಗ ಸಿಕ್ಕಾನ."

ಆ ಪುಸ್ತಕವನ್ನು ನಾನು ಈ ಬಾಗಿದ ಸೂಜಿಯಿಂದಲೇ ಹೊಲಿದೆ. ಶಾಂತಾಬಾಯಿಯ ಕಾಲಿಗೆ ಹಾಕಿದ್ದಕ್ಕಿಂತ ಚೆಂದದ ಹೊಲಿಗೆ. ಪುಸ್ತಕ ಅಲುಗಾಡುವುದಿಲ್ಲ ನೋಡಿ. ವಾಚನಾಲಯದ ಕಾರ್ಯದರ್ಶಿಗಳು ಅದನ್ನು ಮನೆಗೊಯ್ದು ಓದಿ ಮರುದಿನ ತಾವೇ ಚಿದ್ರಿಗೆ ಬಂದರು. "ಇದು ಕೊಲಿ ಪುಸ್ತಕ ಅಲ್ಲೇ ಅಲ್ಲರಿ ಸಿಸ್ಟರಬಾಯಿ," ಎಂದರು. "ಹಂಗಾರ ಚೀಲ ಬ್ಯಾಡೇನ್ರಿ ಸರ್?" ಎಂದೆ. ಅವರು ಜೇಬಿನಿಂದ ಕಪಾಟಿನ ಕೀಲಿ ತೆಗೆದು ನನ್ನ ಕೈಗೆ ಕೊಟ್ಟರು. ಈಗ ಹೋಗಿ ನೋಡಿ. ಬಾಗಿಲು ದಾಟಿದರೆ ಎದುರಿಗೇ ಇದೆ, ಗಾಜಿನ ಬಾಗಿಲಿನ ಕಪಾಟು, ನೆಟ್ಟಗೆ ಸಾಲಾಗಿ ನಿಂತ ಮಿಂಚುರಾಜ. ಧೂಳು ಕಂಡರೆ ನನಗೆ ತಿಳಿಸಿ.

ಆದರೆ ಕಪಾಟಿಗೆ ಒಯ್ಯುವ ಮೊದಲು ಪುಸ್ತಕ ಹೋಗಬೇಕಾದದ್ದು ಭಾಲ್ಕಿಗೆ. ಹೊಲಿಗೆ ಮುಗಿದ ಮಾರನೆಯ ದಿನವೇ ಹೋದೆವು. ನಾನು, ಶಾಂತಾಬಾಯಿ, ಅವಳ ಮಗ ಗೌತಮ. ಈಗ ಅವನು ಔರಾದಿನಲ್ಲಿ ಹೈಸ್ಕೂಲು ಮಾಸ್ತರ, ಕಿವಿಯ ಬಳಿ ಕೂದಲು ನರೆತಿದೆ. ಮಾಣಿಕರಾವರ ಮಗನ ಕೈಗೆ ನಾನೇ ಪುಸ್ತಕ ಕೊಟ್ಟೆ. ಅವನು ಮೊದಲ ಪುಟ ತೆರೆದು ಹೆಸರು ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಅಪ್ಪನ ಕಾಲ ಬಳಿ ಕೂತು ಗಟ್ಟಿಯಾಗಿ ಓದತೊಡಗಿದ. ಮುದುಕರು ಕಣ್ಣು ಮುಚ್ಚಿ ಕೇಳಿದರು, ನಡುನಡುವೆ "ಇಲ್ಲಿ ಅಲ್ಪವಿರಾಮ ತಪ್ಪಿಸ್ಯಾರ ನೋಡು" ಎಂದು ಪ್ರೆಸ್ಸಿನವರನ್ನು ಬೈದರು.

ಊಟದ ಹೊತ್ತಾಯಿತು. ಹವಾಲ್ದಾರ ಕುರ್ಚಿ ಸಮೇತ ಬಿದ್ದ ಕಥೆಯನ್ನು ಹೇಳಲೆಂದು ಶಾಂತಾಬಾಯಿ ಬಾಯಿ ತೆರೆದಳು. ಮುದುಕರು ಕೈ ಎತ್ತಿ ತಡೆದರು. "ಕೊನಿ ಮೊದಲ ಹೇಳಬ್ಯಾಡವಾ, ಶುರುವಿಂದ ಹೇಳು." ನನ್ನ ಕಡೆ ತಿರುಗಿ ನಕ್ಕರು. ನಾನು ಹುಸಿಗೆಮ್ಮು ಕೆಮ್ಮಿದೆ.

ಮಾಣಿಕರಾವರ ಸೊಸೆ ಬಿಸಿ ರೊಟ್ಟಿ ತಂದಳು. ಗೌತಮ ಯಾವ ಯೋಚನೆಯೂ ಇಲ್ಲದೆ, ನಾವೆಲ್ಲ ನೀರಿನ ತಂಬಿಗೆಯನ್ನು ಎಡಗಡೆಗೆ ಸರಿಸುವಷ್ಟು ಸಹಜವಾಗಿ, ರೊಟ್ಟಿಯ ಮೇಲಿನ ಪದರಕ್ಕೆ ಉಗುರು ಹಾಕಿ ಎಬ್ಬಿಸಿದ. ಚರ್ ಎಂದು ಸಣ್ಣ ಸಪ್ಪಳವಾಯಿತು. ಬಡಿಸಿದ ಸೊಸೆ ಆಗಲೇ ಒಳಗೆ ಹೋಗಿದ್ದಳು. ಪದರ ಕೈಯಲ್ಲಿ ಹಿಡಿದು ಅತ್ತಿತ್ತ ನೋಡಿದ ಅವನು, ಪಕ್ಕದಲ್ಲಿ ಕೂತಿದ್ದ ಮುದುಕರ ಅಂಗೈಯಲ್ಲಿ ಅದನ್ನು ಇಟ್ಟ.

ಮಿಂಚುರಾಜ ಅದನ್ನು ಬೆರಳುಗಳಿಂದ ಮುಟ್ಟಿ ನೋಡಿದರು. ಅಂಚಿನಿಂದ ಅಂಚಿಗೆ, ನಿಧಾನವಾಗಿ. ಓದುವ ಕೆಲಸ ನಿಂತಿತ್ತು, ಮಗ ಅಪ್ಪನನ್ನೇ ನೋಡುತ್ತಿದ್ದ.

"ನಾ ಬರದೀನಂತ ಹೇಳಿದ್ದಿಲ್ಲಾ?" ಎಂದರು ಮುದುಕರು, ಗೌತಮನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು. "ಬಾ ತಮ್ಮಾ. ಖೂನ ಹತ್ತಿತು."